ಲೈಸಾಂಡರಿನ ಹಿಂದಿನ ಸೀಟು

ನಮ್ಮ ಮನೆಯಲ್ಲಿ ದಸರಾ ಗೊಂಬೆ ಕೂರಿಸುವಾಗ ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲಿನಲ್ಲಿ ದಶಾವತಾರ ಬರುತ್ತಿರಲಿಲ್ಲ, ವಿಮಾನ ಬರುತ್ತಿತ್ತು. ಸಿದ್ಧಾರ್ಥನಗರದ ನಮ್ಮ ರಸ್ತೆಯಲ್ಲಿ ಇದು ಎಲ್ಲರಿಗೂ ಗೊತ್ತು. ವಿಮಾನದ ಮಿಸ್ ಮನೆ ಎಂದರೆ ಸಾಕು, ಆಟೋದವರು ಗೇಟಿನ ಮುಂದೆ ತಂದು ಇಳಿಸುತ್ತಾರೆ. ದೇವರ ಗೊಂಬೆಗಳಿಗಿಂತ ಮೇಲೆ ಯುದ್ಧದ ಸಾಮಾನು ಇಡಬಹುದೇ ಎಂದು ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರಲ್ಲಿ ಯಾರಾದರೊಬ್ಬರು ಪ್ರತಿವರ್ಷ ಕೇಳುತ್ತಿದ್ದರು. ಕೇಳಲಿ ಎಂದೇ ನಾನು ಅಲ್ಲಿಡುತ್ತಿದ್ದದ್ದು. ಅವರು ಕೇಳಿದರೆ ತಾನೇ ನಾನು ಕಥೆ ಹೇಳುವುದು.

ತೇಗದ ಮರದಲ್ಲಿ ಅಪ್ಪ ಕೈಯಾರೆ ಕೆತ್ತಿದ ವಿಮಾನ, ಮೊಳದುದ್ದದ್ದು. ಲೈಸಾಂಡರ್ ಎಂದು ಅದರ ಹೆಸರು. ಮೊದಲ ಮಹಾಯುದ್ಧ ಮುಗಿದು ಎರಡನೆಯದು ಶುರುವಾಗುವುದರೊಳಗೆ ಬ್ರಿಟಿಷರು ಮಾಡಿಸಿಕೊಂಡದ್ದು. ಹೊಡೆಯುವುದಕ್ಕಿಂತ ನೋಡುವುದಕ್ಕೆಂದು ಮಾಡಿದ ವಿಮಾನ. ಮೇಲೆ ಹೋಗಿ ನಿಧಾನವಾಗಿ ಸುತ್ತು ಹಾಕಿ, ಶತ್ರು ಎಲ್ಲಿ ಬೀಡು ಬಿಟ್ಟಿದ್ದಾನೆ, ಹೊಳೆಯ ಸೇತುವೆ ಉಳಿದಿದೆಯೋ ಬಿದ್ದಿದೆಯೋ, ಲಾರಿಗಳ ಸಾಲು ಯಾವ ಕಡೆ ಮುಖ ಮಾಡಿದೆ ಎಂದು ನೋಡಿಕೊಂಡು ಬಂದು ಕೆಳಗಿನ ಸೈನ್ಯಕ್ಕೆ ತಿಳಿಸಬೇಕು. ಕೆಳಗೆ ನೋಡುವವರಿಗೆ ಅಡ್ಡ ಬರಬಾರದೆಂದು ರೆಕ್ಕೆಗಳನ್ನು ತಲೆಯ ಮೇಲಕ್ಕೆ ಏರಿಸಿದ್ದಾರೆ. ರೆಕ್ಕೆ ಮೈಗೆ ಸೇರುವಲ್ಲಿ ಸಣ್ಣಗಾಗಿ ನಡುವೆ ಅಗಲವಾಗುತ್ತದೆ, ಚಿಕ್ಕಂದಿನಲ್ಲಿ ನಾವು ಬಾಲಕ್ಕೆ ದಾರ ಕಟ್ಟಿ ಹಾರಿಸುತ್ತಿದ್ದ ಏರೋಪ್ಲೇನ್ ಚಿಟ್ಟೆಯ ಹಾಗೆ. ಚಕ್ರಗಳಿಗೆ ದಪ್ಪ ಬೂಟು ತೊಡಿಸಿದಂಥ ಮುಚ್ಚಳ. ಒಳಗೆ ಎರಡೇ ಸೀಟು. ಮುಂದೆ ಓಡಿಸುವವನು, ಹಿಂದೆ ಬಾಲದ ಕಡೆ ಮುಖ ಮಾಡಿ ಕೂತು ನೋಡುವವನು.

ಆ ಹಿಂದಿನ ಸೀಟಿನಲ್ಲಿ ಅಪ್ಪ ಹೆಬ್ಬೆರಳಿನಷ್ಟು ಎತ್ತರದ ಒಬ್ಬ ಮನುಷ್ಯನನ್ನು ಕೆತ್ತಿ ಕೂರಿಸಿದ್ದರು. ಇದು ನಾನು ಕಣ್ ಮಗ, ಎನ್ನುತ್ತಿದ್ದರು. ಹೆಣ್ಣುಮಕ್ಕಳನ್ನೂ ಮಗ ಎಂದೇ ಕರೆಯುವ ಕಡೆಯವರು ನಾವು. ಮುಂದಿನ ಸೀಟು ಖಾಲಿ. ವಿಮಾನ ಓಡಿಸುವ ಬಿಳಿ ದೊರೆಯನ್ನು ಕೆತ್ತುವಷ್ಟು ಮರ ಉಳಿಯಲಿಲ್ಲ ಎಂದು ನಗುತ್ತಿದ್ದರು.

ಅಪ್ಪ ಕುಶನ್ ಕೆಲಸದವರು. ಗಾಂಧಿ ಚೌಕದ ಹಿಂದಿನ ಓಣಿಯೊಂದರಲ್ಲಿ ಅಂಗಡಿ. ಟಾಂಗಾಗಳಿಗೆ ಟಾಪು ಹೊಲಿಯುವುದು, ಕಾರಿನ ಸೀಟುಗಳಿಗೆ ಹೊದಿಕೆ ಹಾಕುವುದು, ಜೀಪುಗಳ ಕ್ಯಾನ್ವಾಸು ರಿಪೇರಿ ಮಾಡುವುದು. ಹಳ್ಳಿಯಲ್ಲಿದ್ದ ಚೂರು ಹೊಲವನ್ನು ಅಣ್ಣತಮ್ಮಂದಿರಿಗೆ ಬಿಟ್ಟು ಎಳೆಯ ವಯಸ್ಸಿನಲ್ಲೇ ಯುದ್ಧಕ್ಕೆ ಸೇರಿದವರು, ಯುದ್ಧ ಮುಗಿದ ಮೇಲೆ ಊರಿಗೆ ಹೋಗದೆ ಮೈಸೂರಿನಲ್ಲೇ ಉಳಿದವರು. ಇಡೀ ದಿನ ತೆಂಗಿನ ನಾರಿನ ಧೂಳಿನಲ್ಲಿ ತಲೆ ತಗ್ಗಿಸಿ ಕೂತಿರುವ ಈ ಮನುಷ್ಯ ಒಂದು ಕಾಲಕ್ಕೆ ಆಕಾಶದಿಂದ ಬರ್ಮಾ ದೇಶವನ್ನು ನೋಡಿದವರು ಎಂದು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತಿತ್ತು. ಶಾಲೆಯಲ್ಲಿ ಯಾರಾದರೂ ಟಾಂಗಾ ಟಾಪಿನವರ ಮಗಳು ಎಂದರೆ ನಾನು ಜಗಳಕ್ಕೆ ಬೀಳುತ್ತಿರಲಿಲ್ಲ. ಸುಮ್ಮನೆ ನಗುತ್ತಿದ್ದೆ. ನಿಮಗೇನು ಗೊತ್ತು ಎನ್ನುವ ನಗು ಅದು, ಹೊಡೆತಕ್ಕಿಂತ ಹೆಚ್ಚು ಉರಿಸುತ್ತದೆ.

ಭಾನುವಾರ ಬೆಳಿಗ್ಗೆ ಅಪ್ಪ ನನ್ನನ್ನು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿಸುತ್ತಿದ್ದರು. ನಂದಿಯವರೆಗೆ ಹೋಗಿ, ಅಲ್ಲಿ ಒಂದು ಬಂಡೆಯ ಮೇಲೆ ತಾವು ಊರಿಗೆ ಬೆನ್ನು ಹಾಕಿ ಕೂತು, ನನ್ನನ್ನು ಊರಿನ ಕಡೆ ಮುಖ ಮಾಡಿ ನಿಲ್ಲಿಸುತ್ತಿದ್ದರು. ಸ್ವಲ್ಪ ಹೊತ್ತು ನೋಡಿದ ಮೇಲೆ ತಿರುಗಿ ನಿಂತು ಹೇಳಬೇಕು. ಕಾರಂಜಿ ಕೆರೆಯಲ್ಲಿ ನೀರು ಎಲ್ಲಿಯವರೆಗಿದೆ, ಲಲಿತಮಹಲಿನ ಮುಂದೆ ಕಾರುಗಳಿವೆಯೇ, ರೇಸಿನ ಬಯಲಿನಲ್ಲಿ ಕುದುರೆಗಳು ಎಡಕ್ಕೆ ಓಡುತ್ತಿವೆಯೋ ಬಲಕ್ಕೋ. ವಿಮಾನದ ಹಿಂದಿನ ಸೀಟಿನವರ ಪರೀಕ್ಷೆ ಹೀಗೇ ಇರುತ್ತಿತ್ತಂತೆ. 'ಇರಬಹುದು' ಎನ್ನುವ ಮಾತು ಬರಕೂಡದು. ಇರ್ಬೋದು ಅಂದ್ರೆ ಕೆಳಗಿರೋರು ಸಾಯ್ತಾರೆ, ಎನ್ನುತ್ತಿದ್ದರು. ಒಮ್ಮೆ ನಾನು ಸರಿಯಾಗಿ ನೋಡದೆ ರೈಲು ಬರುತ್ತಿದೆ ಎಂದುಬಿಟ್ಟೆ. ಅಪ್ಪ ಎದ್ದು ಒಂದು ಸಲ ತಿರುಗಿ ನೋಡಿದರು. ಇಳಿಯುವಾಗ ಒಂದು ಮಾತೂ ಆಡಲಿಲ್ಲ. ಮನೆ ತಲುಪಿದ ಮೇಲೆ, ಕಾಣದ್ದನ್ನು ಕಂಡೆ ಅನ್ನೋರ ಜೊತೆ ನಂಗೆ ಮಾತಿಲ್ಲ ಎಂದರು. ಆ ಮಾತು ಹೇಳಿದವರು ಯಾರು ಎಂದು ಈಗ ಯೋಚಿಸಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಅಕ್ಕ ನನಗಿಂತ ಸಾಕಷ್ಟು ದೊಡ್ಡವಳು. ಅವಳನ್ನು ಬೆಟ್ಟಕ್ಕೆ ಕರೆದುಕೊಂಡು ಹೋದದ್ದು ನನಗೆ ನೆನಪಿಲ್ಲ. ಅವಳಿಗೆ ಮನೆಯಲ್ಲಿ ಅವ್ವನ ಜೊತೆ ಕೆಲಸವಿರುತ್ತಿತ್ತು.

ಸಂಜೆ ಅಂಗಡಿಯಿಂದ ಬಂದ ಮೇಲೆ ಅಪ್ಪ ಮರುದಿನದ ದಾರಕ್ಕೆ ಜೇನುಮೇಣ ಉಜ್ಜುತ್ತ ಕಥೆ ಹೇಳುತ್ತಿದ್ದರು. ಕೆಳಗಿನವರಿಗೆ ಸುದ್ದಿ ಕೊಡಬೇಕಾದರೆ ಚೀಟಿ ಬರೆದು, ಬಣ್ಣದ ಬಾಲಂಗೋಚಿ ಕಟ್ಟಿದ ಚೀಲದಲ್ಲಿ ಹಾಕಿ ಮೇಲಿಂದ ಎಸೆಯುವುದು. ಕೆಳಗಿನವರು ಸುದ್ದಿ ಕೊಡಬೇಕಾದರೆ ಎರಡು ಗಳ ನೆಟ್ಟು ನಡುವೆ ಹಗ್ಗ ಕಟ್ಟಿ ಅದಕ್ಕೆ ಚೀಟಿಯ ಚೀಲ ತೂಗುಬಿಡುವುದು. ವಿಮಾನ ನೆಲಕ್ಕೆ ತಾಗುವಷ್ಟು ಕೆಳಗೆ ಬಂದು, ಹೊಟ್ಟೆಯ ಕೆಳಗಿನ ಕೊಕ್ಕೆಯಲ್ಲಿ ಅದನ್ನು ಎಗರಿಸಿಕೊಂಡು ಹೋಗುವುದು. ಗೊಂಬೆ ನೋಡಲು ಬಂದವರಿಗೆ ಈ ಕೊಕ್ಕೆಯ ಕಥೆ ಎಂದರೆ ಪ್ರಾಣ. ರೆಕ್ಕೆಗೆ ಬಟ್ಟೆ ಹೊದಿಸುತ್ತಿದ್ದರು ಎಂದರೆ ಯಾರೂ ನಂಬುತ್ತಿರಲಿಲ್ಲ. ಬಟ್ಟೆ ಹೊದಿಸಿ, ಹೊಲಿದು, ಮೇಲೆ ಒಂದು ಬಣ್ಣ ಬಳಿದರೆ ಅದು ಒಣಗುತ್ತ ಡೋಲಿನ ಚರ್ಮದ ಹಾಗೆ ಬಿಗಿಯುತ್ತದೆ, ಆ ಬಣ್ಣಕ್ಕೆ ಕಳಿತ ಬಾಳೆಹಣ್ಣಿನ ವಾಸನೆ, ಶೆಡ್ಡಿನ ತುಂಬ ಅದೇ ವಾಸನೆ ತುಂಬಿ ಮಧ್ಯಾಹ್ನದ ಹೊತ್ತಿಗೆ ತಲೆ ಸುತ್ತುತ್ತದೆ. ಒಂದೊಂದು ಹೊಲಿಗೆಗೂ ಬೇರೆ ಬೇರೆ ಗಂಟು ಹಾಕಬೇಕು, ಒಂದು ಕಿತ್ತರೆ ಇನ್ನೊಂದು ಬಿಡಬಾರದು. ಆ ಗಂಟನ್ನು ಅಪ್ಪ ನನ್ನ ಲಂಗದ ಅಂಚಿನಲ್ಲಿ ಹಾಕಿ ತೋರಿಸಿದ್ದರು.

ಮುಂದೆ ನಾನು ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡುವ ಮಿಸ್ ಆದೆ. ಎರಡನೇ ಮಹಾಯುದ್ಧದ ಪಾಠ ಬಂದಾಗ ಪುಸ್ತಕ ಮುಚ್ಚಿ ಅಪ್ಪನ ಕಥೆ ಹೇಳುತ್ತಿದ್ದೆ. ಹಿಂದಿನ ಬೆಂಚಿನವರೂ ಸುಮ್ಮನಾಗುತ್ತಿದ್ದರು. ಮದುವೆಯಾಗಿ ಈ ಬಡಾವಣೆಗೆ ಬಂದೆ. ಅಪ್ಪ ಹೋದ ಮೇಲೆ ವಿಮಾನ ನನ್ನ ಪಾಲಿಗೆ ಬಂತು. ಸರಸ್ವತಿಪುರದಲ್ಲಿದ್ದ ಅಕ್ಕ ಅದನ್ನು ಕೇಳಲೇ ಇಲ್ಲ, ನೀನೇ ಇಟ್ಕೊ ಎಂದಳು. ದೊಡ್ಡ ಮನಸ್ಸು ಎಂದುಕೊಂಡೆ.

ನಮ್ಮ ಮನೆಯವರು ಬ್ಯಾಂಕಿನಲ್ಲಿದ್ದವರು, ಹೆಚ್ಚು ಮಾತಿಲ್ಲದವರು. ದಸರಾದಲ್ಲಿ ಮಾತ್ರ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ನನ್ನ ಕಥೆಯನ್ನು ಪ್ರತಿ ಸಲವೂ ಪೂರ್ತಿ ಕೇಳುತ್ತಿದ್ದರು. ನಾನು ಅವಸರದಲ್ಲಿ ಏನಾದರೂ ಬಿಟ್ಟರೆ ನೆನಪಿಸುತ್ತಿದ್ದರು. ಕೊಕ್ಕೆ ಬಿಟ್ಬುಟ್ಟೆ ಕಣೆ, ಎನ್ನುತ್ತಿದ್ದರು. ಇಂಥ ಗಂಡ ಯಾರಿಗುಂಟು ಎಂದು ಬಂದ ಹೆಂಗಸರು ನನ್ನ ಕಡೆ ನೋಡುತ್ತಿದ್ದರು, ನಾನು ಬೀಗುತ್ತಿದ್ದೆ.

ಹೋದ ವರ್ಷದ ದಸರಾದಲ್ಲಿ ಪಕ್ಕದ ರಸ್ತೆಯ ಹುಡುಗಿಯೊಬ್ಬಳು ನಾನು ಕಥೆ ಹೇಳುವುದನ್ನು ಮೊಬೈಲಿನಲ್ಲಿ ಹಿಡಿದು ಬಡಾವಣೆಯ ಗುಂಪಿಗೆ ಹಾಕಿದಳು. ಅದು ಅಲ್ಲಿಂದ ಎಲ್ಲೆಲ್ಲಿಗೋ ಹೋಯಿತು. ನನ್ನ ಹಳೆಯ ವಿದ್ಯಾರ್ಥಿಗಳು ಫೋನು ಮಾಡಿದರು. ಬಡಾವಣೆಯ ಸಂಘದ ಕಾರ್ಯದರ್ಶಿ ಮನೆಗೇ ಬಂದು, ಈ ಸಲದ ರಾಜ್ಯೋತ್ಸವದಲ್ಲಿ ನಿಮ್ಮ ತಂದೆಯವರ ನೆನಪಿಗೆ ಸನ್ಮಾನ, ಶಾಲು, ಮೈಸೂರು ಪೇಟ ಎಲ್ಲ ನಿಮಗೇ ಎಂದರು. ಪಾರ್ಕಿನ ಹತ್ತಿರ ಶಾಮಿಯಾನ, ಅದಕ್ಕೆ ಅಪ್ಪನ ಫೋಟೋ ಇರುವ ದೊಡ್ಡ ಫ್ಲೆಕ್ಸು. ಮಿಸ್, ನೀವು ಹತ್ತು ನಿಮಿಷ ಮಾತಾಡಿ ಸಾಕು ಎಂದರು. ಹತ್ತು ನಿಮಿಷದಲ್ಲಿ ಬರ್ಮಾಕ್ಕೆ ಹೋಗಿ ಬರಲಾದೀತೇ ಎಂದು ನಾನು ನಗೆಯಾಡಿದೆ.

ಫ್ಲೆಕ್ಸಿನ ನಮೂನೆ ಕಳಿಸಿದರು. ಅಪ್ಪನ ಮುಖದ ಪಕ್ಕದಲ್ಲಿ ಬೆಂಕಿ ಉಗುಳುವ ಈಗಿನ ಕಾಲದ ಜೆಟ್ ವಿಮಾನ. ನನಗೆ ತಲೆ ಕೆಟ್ಟಿತು. ಪ್ರೆಸ್ಸಿನ ಹುಡುಗರಿಗೆ ಫೋನು ಮಾಡಿ, ಅಪ್ಪ ಅದನ್ನು ಕಣ್ಣಲ್ಲೂ ಕಂಡಿರಲಿಲ್ಲ, ಸುಳ್ಳು ಹಾಕಬೇಡಿ ಎಂದು ಕೂಗಾಡಿದೆ. ನಮ್ಮ ವಿಮಾನವನ್ನು ಅಂಗಳದ ಬಿಸಿಲಿನಲ್ಲಿಟ್ಟು ಫೋಟೋ ತೆಗೆದು ಕಳಿಸಿದೆ. ರೆಕ್ಕೆಯ ಆಕಾರ ಸ್ಪಷ್ಟವಾಗಿ ಕಾಣಬೇಕು, ಚಕ್ರದ ಮುಚ್ಚಳ ಕತ್ತರಿಸಬಾರದು ಎಂದೆಲ್ಲ ಹೇಳಿದೆ. ನಮ್ಮ ಮನೆಯವರು ಪಕ್ಕದಲ್ಲೇ ನಿಂತು ವಿಮಾನ ಅಲುಗದ ಹಾಗೆ ಹಿಡಿದುಕೊಂಡಿದ್ದರು.

ಮರುದಿನ ಮಧ್ಯಾಹ್ನ ಅಕ್ಕ ಬಂದಳು. ಫೋನು ಮಾಡದೆ, ಸಿಟಿ ಬಸ್ಸು ಹತ್ತಿ, ಮೊಣಕಾಲು ನೋವನ್ನೂ ಲೆಕ್ಕಿಸದೆ ಬಂದಿದ್ದಳು. ಕಾಫಿ ಕೊಟ್ಟೆ, ಮುಟ್ಟಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು. ಸನ್ಮಾನಕ್ಕೆ ನೀನೂ ವೇದಿಕೆ ಹತ್ತಬೇಕು, ರೇಷ್ಮೆ ಸೀರೆ ಉಟ್ಟುಕೊಂಡು ಬಾ ಎಂದು ನಾನು ಹೇಳುತ್ತಿದ್ದೆ.

"ಆ ಕಾರ್ಯಕ್ರಮ ಬೇಡ ಕಣೆ. ನಿಲ್ಲಿಸ್ಬುಡು," ಎಂದಳು.

ಹೊಟ್ಟೆಕಿಚ್ಚು ಎಂದುಕೊಂಡೆ. ವಿಮಾನ ಕೇಳದವಳಿಗೆ ಈಗ ವಿಮಾನದ ಬೆಲೆ ಗೊತ್ತಾಗಿದೆ ಎಂದು ಹೇಳಿಯೂಬಿಟ್ಟೆ. ಅವಳು ಸಿಟ್ಟಾಗಲಿಲ್ಲ.

"ಅಪ್ಪ ವಿಮಾನದಲ್ಲಿ ಕೂತು ನೋಡ್ದೋರಲ್ಲ ಕಣೆ. ಶೆಡ್ಡಲ್ಲಿ ರೆಕ್ಕೆಗೆ ಬಟ್ಟೆ ಹೊಲೀತಿದ್ರು. ಬರ್ಮಾಕ್ಕೆ ಹೋಗೇ ಇಲ್ಲ."

ಆಮೇಲೆ ಅವಳು ಹೇಳಿದ್ದನ್ನು ಇಲ್ಲಿ ಸುಮ್ಮನೆ ಬರೆಯುತ್ತೇನೆ. ಅಕ್ಕನಿಗೆ ಗಂಡು ಗೊತ್ತು ಮಾಡುವಾಗ ಹೆಣ್ಣು ನೋಡಲು ಗಂಡಿನ ದೊಡ್ಡಪ್ಪ ಬಂದಿದ್ದರಂತೆ. ಅವರೂ ಯುದ್ಧದಲ್ಲಿ ಫಿಟ್ಟರ್ ಆಗಿದ್ದವರು, ಉತ್ತರದ ಯಾವುದೋ ಊರಿನಲ್ಲಿ, ಅಪ್ಪನಿದ್ದ ಶೆಡ್ಡಿನಲ್ಲೇ. ಬಾಗಿಲಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿದ ಕೂಡಲೇ ಗುರುತು ಸಿಕ್ಕಿತು. ಅವತ್ತು ಕಾಫಿ ತಿಂಡಿ ಮುಗಿದ ಮೇಲೆ ಅಪ್ಪ ಬೀಗರಾಗುವವರ ಮುಂದೆ ತಾವಾಗಿಯೇ ಎಲ್ಲ ಹೇಳಿದರು. ಹೆಣ್ಣು ಕೊಡುವ ಮನೆ, ಮುಚ್ಚುಮರೆ ಇರಬಾರದು. ಅವರೆಲ್ಲ ನಕ್ಕರು, ಅದರಲ್ಲೇನಿದೆ ಬಿಡಿ ಎಂದರು, ಸಂಬಂಧ ಕುದುರಿತು. ನಾನು ಆಗ ಚಿಕ್ಕವಳು, ಹಿತ್ತಲಿನಲ್ಲಿ ಆಡುತ್ತಿದ್ದೆ. ಚಿಕ್ಕವಳಿಗೆ ಹೇಳುವುದು ಬೇಡ ಎಂದು ಅಪ್ಪ ಅವ್ವನ ಕೈಲೂ ಅಕ್ಕನ ಕೈಲೂ ದೇವರ ಮುಂದೆ ಮಾತು ತೆಗೆದುಕೊಂಡರು. ಅಪ್ಪ ಹೋದ ಮೇಲಾದರೂ ಹೇಳಬಹುದಿತ್ತಲ್ಲ ಎಂದೆ. ದೇವರ ಮುಂದೆ ಕೊಟ್ಟ ಮಾತು ಸತ್ತವರ ಜೊತೆ ಹೋಗುತ್ತದೆಯೇ ಎಂದಳು. ಮನೆಯ ಗೊಂಬೆಯ ಮುಂದೆ ಹೇಳುವುದು ಬೇರೆ, ಮೈಕಿನ ಮುಂದೆ ಊರಿಗೆ ಹೇಳುವುದು ಬೇರೆ, ಅದಕ್ಕೇ ಬಂದೆ ಎಂದಳು.

ನಾನು ನಂಬಲಿಲ್ಲ. ಎದ್ದು ನಿಂತು ನೀನು ಸುಳ್ಳಿ ಎಂದೆ.

"ನಿಮ್ಮನೆಯವ್ರಿಗೂ ಗೊತ್ತು. ಬೇಕಾದ್ರೆ ಕೇಳ್ಕೊ," ಎಂದಳು.

ನಮ್ಮ ಮನೆಯವರು ವರಾಂಡದಲ್ಲಿ ಪೇಪರು ಓದುತ್ತಿದ್ದರು. ನಡುವೆ ಒಂದು ಕಿಟಕಿ ಮಾತ್ರ, ಎಲ್ಲ ಕೇಳಿಸಿರಲೇಬೇಕು. ನಾನು ಹೋಗಿ ಎದುರಿಗೆ ನಿಂತೆ. ಪೇಪರು ಮಡಿಸಿದರು, ಮತ್ತೆ ಬಿಡಿಸಿ ಅಂಚು ಸರಿಮಾಡಿ ಮಡಿಸಿದರು. ಅವರು ಇಲ್ಲ ಎಂದುಬಿಟ್ಟರೆ ಸಾಕಿತ್ತು. ಅದು ಸುಳ್ಳಾಗಿದ್ದರೂ ನನಗೆ ಆ ಕ್ಷಣಕ್ಕೆ ಸಾಕಿತ್ತು.

"ಮಾವನೋರು ಮದುವೆಗೆ ಮುಂಚೆನೇ ಹೇಳಿದ್ರು," ಎಂದರು. "ಅವಳೊಬ್ಬಳಾದ್ರೂ ನಂಬ್ಕೊಂಡಿರ್ಲಿ ಬುಡಿ ಅಂತ ಕೈ ಹಿಡ್ಕೊಂಡು ಕೇಳಿದ್ರು."

ನನ್ನ ಮದುವೆಗೆ ಮೊದಲು ಅಪ್ಪ ಇವರನ್ನು ಅಂಗಡಿಗೆ ಕರೆಸಿಕೊಂಡಿದ್ದರಂತೆ. ಯಾರೂ ಕೇಳಿರಲಿಲ್ಲ, ಗುರುತು ಹಿಡಿಯುವವರು ಯಾರೂ ಇರಲಿಲ್ಲ. ಆದರೂ ಅಳಿಯನಾಗುವವನಿಗೆ ಮೋಸ ಆಗಬಾರದು ಎಂದು ಕೂರಿಸಿಕೊಂಡು ಹೇಳಿದರು. ಬೀಗರಿಗೆ ಮೋಸ ಆಗಬಾರದು, ಅಳಿಯನಿಗೆ ಮೋಸ ಆಗಬಾರದು. ಎಂಥ ಮರ್ಯಾದಸ್ಥರು ನೋಡಿ. ಊರ ಮಕ್ಕಳಿಗೆಲ್ಲ ಸತ್ಯ, ಹೆತ್ತ ಮಗಳಿಗೆ ಕಥೆ. ನನಗೆ ಅಲ್ಲಿಯೇ ಕೂಗಬೇಕೆನಿಸಿತು, ಕೂಗಲಿಲ್ಲ. ಕೂಗಿದರೆ ಅಕ್ಕ ಎದ್ದು ಬಂದು ಸಮಾಧಾನ ಮಾಡುತ್ತಿದ್ದಳು. ಅವಳ ಸಮಾಧಾನ ನನಗೆ ಬೇಕಿರಲಿಲ್ಲ.

ಪ್ರತಿ ದಸರಾದಲ್ಲೂ ಕೊಕ್ಕೆ ಬಿಟ್ಬುಟ್ಟೆ ಎಂದವರು ಇವರೇ. ಅದನ್ನು ಕೇಳಿದೆ. ಗೊತ್ತಿದ್ದೂ ನನ್ನ ಸುಳ್ಳಿಗೆ ಎಣ್ಣೆ ಹಾಕುತ್ತಿದ್ದಿರಾ ಎಂದೆ. ಅವರು, ನೀನ್ ಹೇಳೋವಾಗ ಚೆನ್ನಾಗಿರ್ತಿತ್ತು ಎಂದರು. ಪಾಪ, ಅದು ಹೊಗಳಿಕೆ ಎಂದೇ ಅವರು ತಿಳಿದಿದ್ದರು. ಗೊಂಬೆ ಮೆಟ್ಟಿಲಿನ ಎದುರು ನಿಂತು ಕೈ ಆಡಿಸಿ ಮಾತಾಡುತ್ತಿದ್ದ ಇನ್ನೊಂದು ಗೊಂಬೆ ನಾನು. ಮನೆಯವರೆಲ್ಲ ಸೇರಿ ಕೀಲಿ ಕೊಟ್ಟು ನೋಡುತ್ತಿದ್ದರು.

ಅಕ್ಕ ಹೊರಡುವಾಗ ಗೇಟಿನ ಹತ್ತಿರ ನಿಂತಳು. ನಾನು ಅವಳ ಮುಖ ನೋಡುತ್ತಿರಲಿಲ್ಲ.

"ನಿನ್ನ ಬೆಟ್ಟಕ್ಕೆ ಕರ್ಕೊಂಡ್ ಹೋಗೋರು. ನಂಗೆ ಗೊತ್ತಾದ ಮೇಲೆ ನನ್ನ ಮುಖ ನೋಡಿ ಮಾತಾಡೋದನ್ನೇ ಬುಟ್ಬುಟ್ರು. ನೀನು ಕಳ್ಕೊಂಡಿದ್ದೇನು ಹೇಳು," ಎಂದಳು. ಉತ್ತರಕ್ಕೆ ಕಾಯದೆ ಬಸ್ ಸ್ಟಾಪಿನ ಕಡೆ ಕುಂಟುತ್ತ ಹೋದಳು. ಅವಳ ಮಾತಿನಲ್ಲಿ ನ್ಯಾಯ ಇರಬಹುದು. ಅವಳ ನ್ಯಾಯ ತೂಗುವ ಸ್ಥಿತಿಯಲ್ಲಿ ನಾನಿರಲಿಲ್ಲ, ಈಗಲೂ ಇಲ್ಲ.

ಆ ವಾರವೆಲ್ಲ ನಾನು ಮಾಡಿದ್ದು ಒಂದೇ ಕೆಲಸ. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಅಪ್ಪನ ಕಥೆಗಳನ್ನು ಆರಿಸುತ್ತ ಕೂತೆ. ಬಾಳೆಹಣ್ಣಿನ ವಾಸನೆ ನಿಜ. ಗಂಟು ನಿಜ. ಡೋಲಿನ ಹಾಗೆ ಬಿಗಿಯುವ ಬಟ್ಟೆ ನಿಜ. ಶೆಡ್ಡು ಎಂಬ ಮಾತು ಅವರ ಬಾಯಲ್ಲಿ ಎಷ್ಟು ಸಲ ಬಂದಿತ್ತು, ಆಕಾಶದಲ್ಲಿದ್ದವರಿಗೆ ಶೆಡ್ಡಿನಲ್ಲಿ ಮಧ್ಯಾಹ್ನ ತಲೆ ಸುತ್ತುವುದು ಹೇಗೆ ಎಂದು ನಾನು ಒಮ್ಮೆಯೂ ಕೇಳಲಿಲ್ಲ. ಮೋಡ ಹೇಗಿತ್ತು ಎಂದು ಕೇಳಿದರೆ ಅವರು ಹೇಳುತ್ತಿದ್ದದ್ದು ಬೆಳ್ಳಗಿತ್ತು ಮಗ, ಅಷ್ಟೇ. ಬರ್ಮಾ ಹೇಗಿತ್ತು ಎಂದರೆ ಹಸಿರಾಗಿತ್ತು. ಹೊಲಿಗೆಯ ಬಗ್ಗೆ ರಾತ್ರಿಯ ಊಟದವರೆಗೂ ಮಾತಾಡುತ್ತಿದ್ದ ಮನುಷ್ಯ ಒಂದು ದೇಶದ ಬಗ್ಗೆ ಒಂದು ಪದ ಹೇಳಿದರು, ಚರಿತ್ರೆ ಓದಿ ಪಾಠ ಮಾಡಿದ ನನಗೆ ಅದು ಸಾಕಾಗಿತ್ತು. ಕಣ್ಣಿದ್ದೂ ಕುರುಡು ಎಂದು ಇದಕ್ಕೇ ಹೇಳುವುದು.

ಸಂಘದ ಕಾರ್ಯದರ್ಶಿಗೆ ಫೋನು ಮಾಡಿದೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ನಮ್ಮ ತಂದೆ ವಿಮಾನದಲ್ಲಿ ಕೂತವರಲ್ಲ, ರೆಕ್ಕೆ ಹೊಲಿದವರು, ನನಗೆ ನಿನ್ನೆ ಮೊನ್ನೆ ಗೊತ್ತಾಯಿತು, ಸನ್ಮಾನ ರದ್ದು ಮಾಡಿ ಎಂದೆ. ಬಯ್ಯುತ್ತಾರೆ, ಮರ್ಯಾದೆ ಹೋಯಿತು ಎನ್ನುತ್ತಾರೆ ಎಂದು ಕಾದೆ.

"ಅದಕ್ಕೇನಂತೆ ಮಿಸ್, ಅದೂ ದೇಶಸೇವೆನೇ ಅಲ್ವಾ. ಬನ್ನಿ, ಅದನ್ನೇ ಹೇಳಿ," ಎಂದರು.

ಇದಕ್ಕಿಂತ ಅವರು ಬಯ್ದಿದ್ದರೆ ಚೆನ್ನಾಗಿತ್ತು. ಅದೇ ಶಾಲು, ಅದೇ ಪೇಟ, ಹೊಲಿಗೆಯವರಿಗೂ ಸಿಗುತ್ತದೆ. ಬೀಗರಿಗೆ ಅದು ಕಡಿಮೆಯಾಗಲಿಲ್ಲ, ಅಳಿಯನಿಗೆ ಕಡಿಮೆಯಾಗಲಿಲ್ಲ, ಕೊನೆಗೆ ಬಡಾವಣೆಯ ಸಂಘಕ್ಕೂ ಕಡಿಮೆಯಾಗಲಿಲ್ಲ. ರೆಕ್ಕೆ ಹೊಲಿದ ಅಪ್ಪ ಸಾಲದು ಎಂದು ನಾನು ಎಲ್ಲಿ ಹೇಳಿದ್ದೆ? ಟಾಂಗಾ ಟಾಪಿನವರ ಮಗಳಾಗಿ ಬದುಕಲು ನನಗೆ ಬರುತ್ತಿರಲಿಲ್ಲವೇ? ನನ್ನ ಪ್ರೀತಿಗೆ ಆಕಾಶದ ಎತ್ತರ ಬೇಕು ಎಂದು ಅಪ್ಪನೇ ತೀರ್ಮಾನ ಮಾಡಿಕೊಂಡರು, ನನ್ನನ್ನು ಕೇಳಲಿಲ್ಲ. ರಾಜ್ಯೋತ್ಸವಕ್ಕೆ ನಾನು ಹೋಗಲಿಲ್ಲ. ಮೈ ಸರಿಯಿಲ್ಲ ಎಂದು ಕಾರ್ಯದರ್ಶಿ ಮೈಕಿನಲ್ಲಿ ಹೇಳಿದರಂತೆ. ಫ್ಲೆಕ್ಸು ಕೆಲವು ದಿನ ಪಾರ್ಕಿನ ಬೇಲಿಗೆ ಒರಗಿಕೊಂಡಿತ್ತು, ಆಮೇಲೆ ಎಳನೀರಿನವನು ಗಾಡಿಗೆ ನೆರಳು ಮಾಡಿಕೊಂಡ.

ಮನೆಯಲ್ಲಿ ನಾವಿಬ್ಬರೂ ಮಾತು ಬಿಡಲಿಲ್ಲ. ಗ್ಯಾಸ್ ಬಂತಾ, ಮಾತ್ರೆ ತಗೊಂಡ್ರಾ, ಹಾಲಿನವನು ಬಂದನಾ ಎಂಬ ಮಾತುಗಳಿಗೆ ಏನೂ ಅಡ್ಡಿಯಾಗಲಿಲ್ಲ. ಆದರೆ ಅವರು ಏನು ಹೇಳಿದರೂ ಅದನ್ನು ಒಂದು ಸಲ ತಿರುವಿ ನೋಡುವ ಅಭ್ಯಾಸ ನನಗೆ ಬಂದುಬಿಟ್ಟಿದೆ. ಸಾರು ಚೆನ್ನಾಗಿದೆ ಎಂದರೂ ನಿಜವೇ ಎಂದು ಯೋಚಿಸುತ್ತೇನೆ. ಮುದುಕಿಯ ಹಟ ಎಂದು ನೀವು ಅನ್ನಬಹುದು. ಅನ್ನಿ.

ಈ ವರ್ಷ ಗೊಂಬೆಯನ್ನೇ ಕೂರಿಸಬಾರದು ಎಂದಿದ್ದೆ. ಒಮ್ಮೆ ಶುರು ಮಾಡಿದ್ದನ್ನು ನಿಲ್ಲಿಸಬಾರದು ಎಂಬ ಶಾಸ್ತ್ರಕ್ಕೆ ಹೆದರಿ ಪಟ್ಟದ ಗೊಂಬೆ ಇಟ್ಟೆ, ಕೆಳಗೆ ದಶಾವತಾರ ಇಟ್ಟೆ. ವಿಮಾನ ಬಟ್ಟೆ ಸುತ್ತಿಕೊಂಡು ಸಜ್ಜದ ಮೇಲೆಯೇ ಉಳಿಯಿತು. ಸರಸ್ವತಿ ಪೂಜೆಯ ಸಂಜೆ ಬಡಾವಣೆಯ ಹೆಂಗಸರು ಒಟ್ಟಾಗಿ ಬಂದರು. ಎಲ್ಲಿ ವಿಮಾನ ಎಂದು ಬಾಗಿಲಲ್ಲೇ ಕೇಳಿದರು. ನಾನು ಬಂದವರಿಗೆ ಹಂಚುವ ಚರ್ಪು ತರುತ್ತೇನೆ ಎಂದು ಅಡುಗೆಮನೆಗೆ ಹೋದೆ. ಸ್ಟೂಲು ಎಳೆದ ಸದ್ದಾಯಿತು. ನಮ್ಮ ಮನೆಯವರು ಈ ವಯಸ್ಸಿನಲ್ಲಿ ಹತ್ತಿ ಅದನ್ನು ಇಳಿಸಿ ತಂದಿದ್ದರು.

ಕಡಲೆಕಾಳಿನ ಉಸಲಿಯನ್ನು ದೊನ್ನೆಗಳಿಗೆ ಹಾಕುತ್ತಿದ್ದೆ. ಹಜಾರದಲ್ಲಿ ಅವರ ದನಿ ಕೇಳಿಸಿತು. ನಮ್ಮ ಮಾವನೋರು ಇದರ ರೆಕ್ಕೆ ಹೊಲಿದೋರು ಎಂದು ಶುರು ಮಾಡಿದರು. ಕಾರ್ಯದರ್ಶಿಯಿಂದ ಅಷ್ಟು ಎಲ್ಲರಿಗೂ ಆಗಲೇ ಗೊತ್ತಾಗಿತ್ತು. ಪರವಾಗಿಲ್ಲ, ನಿಜವನ್ನೇ ಹೇಳುತ್ತಿದ್ದಾರೆ ಎಂದುಕೊಂಡೆ. ಆಮೇಲೆ ಅವರು ಹೇಳಿದ್ದು ನಾನು ಹುಟ್ಟಿದಾಗಿನಿಂದ ಕೇಳಿರದ ಕಥೆ.

ಆ ಶೆಡ್ಡಿನಲ್ಲಿ ಒಂದು ರೂಢಿ ಇತ್ತಂತೆ. ಹರಿದ ರೆಕ್ಕೆಗೆ ಹೊಸ ಬಟ್ಟೆ ಹಾಕಿದ ಮೇಲೆ ಮೊದಲ ಹಾರಾಟಕ್ಕೆ, ಹೊಲಿದವನನ್ನೇ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುವುದು. ತನ್ನ ಜೀವವೂ ಮೇಲಿರುತ್ತದೆ ಎಂದು ಗೊತ್ತಿದ್ದರೆ ಗಂಟು ಬಿಗಿಯಾಗಿ ಬೀಳುತ್ತದಲ್ಲ. ಹಾಗೆ ಒಂದು ಬೆಳಿಗ್ಗೆ ಅಪ್ಪನ ಸರದಿಯೂ ಬಂತು. ವಿಮಾನ ನೆಲ ಬಿಟ್ಟ ಕೂಡಲೇ ಅಪ್ಪ ಕಣ್ಣು ಮುಚ್ಚಿಕೊಂಡರು. ಮನೆದೇವರ ಹೆಸರು ಹೇಳುತ್ತ ಸೀಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ವಿಮಾನ ಸುತ್ತು ಹಾಕಿ ಇಳಿದು ನಿಂತ ಮೇಲೂ ಕಣ್ಣು ಬಿಡಲಿಲ್ಲ, ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಮೇಲಿಂದ ಏನು ಕಂಡಿತು ಎಂದು ಎಲ್ಲರೂ ಕೇಳಿದರೆ ಹೇಳಲು ಏನೂ ಇರಲಿಲ್ಲ. ಶೆಡ್ಡಿನವರೆಲ್ಲ ನಕ್ಕರು. ಮುಂದಿನ ಸರದಿಗೆ ಇನ್ನೊಬ್ಬನಿಗೆ ಬೀಡಿ ಕಟ್ಟು ಕೊಟ್ಟು ತಪ್ಪಿಸಿಕೊಂಡರು. ಜೀವಮಾನದಲ್ಲಿ ಮೇಲಕ್ಕೆ ಹೋಗಿದ್ದು ಒಂದೇ ಸಲ, ನೋಡ್ಲಿಲ್ಲ ಕಣಪ್ಪ ಎಂದು ಮಾವ ಅಂಗಡಿಯಲ್ಲಿ ಕೂತು ಹೇಳುತ್ತಿದ್ದರು, ಸಾಯುವ ವರ್ಷ ಆ ಮಾತು ಹೇಳುವಾಗ ಅತ್ತುಬಿಟ್ಟಿದ್ದರು ಎಂದು ನಮ್ಮ ಮನೆಯವರು ಹೇಳುತ್ತಿದ್ದರು.

ಹೆಂಗಸರು ಅಯ್ಯೋ ಪಾಪ ಎಂದರು. ಜೊತೆಗೆ ಬಂದಿದ್ದ ಚಿಕ್ಕ ಮಕ್ಕಳು ಕಣ್ಣು ಮುಚ್ಚಿ ಕುರ್ಚಿ ಹಿಡಿದುಕೊಂಡು ತೋರಿಸುತ್ತಿದ್ದರು. ನಾನು ದೊನ್ನೆಗಳ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅಪ್ಪ ಅಳಿಯನಿಗೆ ಸತ್ಯ ಹೇಳಿದ್ದು ಒಂದೇ ದಿನ, ಒಂದೇ ಸಲ ಎಂದು ನಾನು ತಿಳಿದಿದ್ದೆ. ಅಲ್ಲ. ವರ್ಷಗಟ್ಟಲೆ ಅವರಿಬ್ಬರೂ ಕೂತು ಮಾತಾಡಿದ್ದರು. ಹೆದರಿದ ಅಪ್ಪ, ಅತ್ತ ಅಪ್ಪ, ಎಲ್ಲರೂ ಇವರ ಹತ್ತಿರವೇ ಇದ್ದರು. ನನ್ನ ಹೆತ್ತ ಅಪ್ಪನನ್ನು ನಾನು ಮೊದಲ ಸಲ ನೋಡಿದ್ದು ಬಡಾವಣೆಯವರ ನಡುವೆ ನಿಂತು, ಗಂಡನ ಬಾಯಿಂದ.

ಮುಂದೆ ಕೂತಿದ್ದ ಹೆಂಗಸೊಬ್ಬರು ನನ್ನ ಕಡೆ ತಿರುಗಿ, ಹೋದ ವರ್ಷ ನೀವು ಇದನ್ನ ಹೇಳಲೇ ಇಲ್ಲವಲ್ಲ ಮಿಸ್, ನಿಮಗೆ ಗೊತ್ತಿರಲಿಲ್ಲವಾ ಎಂದು ಕೇಳಿದರು. ನಮ್ಮ ಮನೆಯವರು ತಲೆ ಎತ್ತಿ ನನ್ನನ್ನು ನೋಡಿದರು.

"ಗೊತ್ತಿಲ್ದೆ ಏನು, ನಮ್ಮಪ್ಪ ನಂಗೇ ಮೊದಲು ಹೇಳಿದ್ದು," ಎಂದೆ. ದೊನ್ನೆಗಳನ್ನು ಹಂಚಿದೆ.